ಬುಡ ಬಿಗಿಯಬೇಡಿ: ಲಾಕ್ಸ್ ಕೂದಲಿನ ಆರೈಕೆ

ಮೊದಲು ಬಾಚಣಿಗೆ ಕೆಳಗಿಡಿ.

ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ನನ್ನ ಅಕ್ಕನ ಮಗಳು ಪಾರ್ಲರ್ ನಡೆಸುತ್ತಾಳೆ. ಆಫ್ರಿಕಾದ ಬೇರೆ ಬೇರೆ ದೇಶಗಳಿಂದ ಓದಲು ಬಂದ ಹುಡುಗ ಹುಡುಗಿಯರು ಆ ಕಡೆ ತುಂಬಾ ಜನ ಇದ್ದಾರೆ. ಒಂದು ಸಂಜೆ ಅವಳು ವಿಡಿಯೊ ಕಾಲ್ ಮಾಡಿದಳು. ಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಭುಜ ಮುಟ್ಟುವ ಲಾಕ್ಸ್, ಅಂದರೆ ಹಗ್ಗದಂತೆ ಗಟ್ಟಿಯಾಗಿ ಕಟ್ಟಿಕೊಂಡ ಕೂದಲಿನ ಎಳೆಗಳು. ಇವಳ ಒಂದು ಕೈಯಲ್ಲಿ ಅಗಲ ಹಲ್ಲಿನ ಬಾಚಣಿಗೆ, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ. "ಮಾವಶಿ, ಇವರ ಕೂದ್ಲ ಭಾಳ ಸಿಕ್ಕಾಗ್ಯಾವ. ಎಲ್ಲಿಂದ ಬಿಡಿಸ್ಲಿ?" ಅಂದಳು. ಆ ಹುಡುಗಿ ಬಂದಿದ್ದು ರೀಟ್ವಿಸ್ಟ್ ಮಾಡಿಸಲು, ಅಂದರೆ ಹೊಸದಾಗಿ ಬೆಳೆದ ಬುಡ ಹೊಸೆಸಿಕೊಳ್ಳಲು. ಎರಡು ವರ್ಷ ಕಾದು ಬೆಳೆಸಿದ ಲಾಕ್ಸ್ ಅವು. ಇನ್ನೆರಡು ನಿಮಿಷ ತಡವಾಗಿದ್ದರೆ ಒಂದೆರಡು ಹಾಳಾಗಿಯೇ ಹೋಗುತ್ತಿದ್ದವು.

ಅವತ್ತು ಮೂರು ಗಂಟೆ ಫೋನ್ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಪಾರ್ಲರ್‌ನಲ್ಲಿ ಕೆಲಸ ಮಾಡುವವರಿಗೂ ಇದು ಬೇಕು. ನನ್ನ ಹಾಗೆ ಗುಂಗುರು ಕೂದಲಿನ ಮಕ್ಕಳನ್ನು ಬೆಳೆಸುತ್ತಿರುವ ಅಮ್ಮಂದಿರಿಗೂ ಬೇಕು.

ನಾನು ಹಳಿಯಾಳದವಳು. ಈಗ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ವಾಷಿಂಗ್ಟನ್ ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ ಇದ್ದೇನೆ. ಗಂಡ ಕಪ್ಪು ಅಮೆರಿಕನ್. ಮಗಳಿಗೆ ಅಪ್ಪನ ಕೂದಲೇ ಬಂದಿದೆ. ಪೆನ್ನಿನ ಸ್ಪ್ರಿಂಗ್‌ಗಿಂತ ಚಿಕ್ಕ ಸುರುಳಿಗಳು. ಅವಳಿಗೆ ಆರು ವರ್ಷ ಆದಾಗ ಲಾಕ್ಸ್ ಹಾಕಿಸಲು ಒಂದು ಸಲೂನಿಗೆ ಹೋದೆ. ಅಲ್ಲಿದ್ದ ಹಿರಿಯಾಕೆಯ ಕೈಕೆಲಸ ನೋಡುತ್ತಾ ನಿಂತವಳು ಮನೆಗೆ ಬಂದ ಮೇಲೂ ಅದನ್ನೇ ನೆನೆಸುತ್ತಿದ್ದೆ. ಮರುವಾರ ಹೋಗಿ ಕಲಿಸಿ ಎಂದು ಕೇಳಿದೆ. ಮೊದಲ ಆರು ತಿಂಗಳು ನನಗೆ ತಲೆ ತೊಳೆಯುವ ಕೆಲಸ ಮಾತ್ರ ಕೊಟ್ಟರು. ಈಗ ಮಗಳಿಗೆ ಹದಿನೈದು. ನಾನು ಇವತ್ತಿಗೂ ಅವರ ಪಕ್ಕದ ಕುರ್ಚಿಯಲ್ಲೇ ಕೆಲಸ ಮಾಡುತ್ತೇನೆ. ಈ ಕೆಲಸ ಮಾಡುವವರನ್ನು ಇಲ್ಲಿ ಲಾಕ್ಟೀಷಿಯನ್ ಅನ್ನುತ್ತಾರೆ.

ಒಂದು ಮಾತು ಹೆಸರಿನ ಬಗ್ಗೆ. 'ಡ್ರೆಡ್‌ಲಾಕ್ಸ್' ಅನ್ನುವುದು ಎಲ್ಲರಿಗೂ ಗೊತ್ತಿರುವ ಪದ. ಆದರೆ 'ಡ್ರೆಡ್' ಅಂದರೆ ಭಯ. ತಮ್ಮ ಕೂದಲಿಗೆ ಆ ಪದ ಬೇಡ ಎನ್ನುವವರು ಬಹಳ. ಜಮೈಕಾದ ರಾಸ್ತಫಾರಿ ಎಂಬ ಪಂಥದವರಲ್ಲಿ ಅದೇ ಪದವನ್ನು ಹೆಮ್ಮೆಯಿಂದ ಬಳಸುವವರೂ ಇದ್ದಾರೆ. ಕುರ್ಚಿಯಲ್ಲಿ ಕೂತವರು ಏನನ್ನುತ್ತಾರೋ ಅದನ್ನೇ ಅನ್ನಿ. ಗೊತ್ತಿಲ್ಲದಿದ್ದರೆ ಲಾಕ್ಸ್ ಅನ್ನಿ. ಮಗಳ ತಲೆಯನ್ನು ಮೊದಲ ಸಲ ಕಂಡಾಗ ನಮ್ಮವ್ವ ಒಂದೊಂದಕ್ಕೂ 'ಹುರಿ' ಅಂದಳು. ಹೊಸೆದು ಮಾಡಿದ ಹುರಿ. ನನಗೆ ಅದು ತುಂಬಾ ಹಿಡಿಸಿತು. ಮುಂದೆ ಒಂದು ಲಾಕ್ ಅನ್ನಬೇಕಾದ ಕಡೆ ಹುರಿ ಅಂತಲೇ ಬರೆಯುತ್ತೇನೆ.

ಹುರಿ ಹೇಗೆ ಗಟ್ಟಿಯಾಗುತ್ತದೆ

ಇದು ಗೊತ್ತಿದ್ದರೆ ಅರ್ಧ ತಪ್ಪು ತಾನಾಗೇ ತಪ್ಪುತ್ತದೆ. ನಮ್ಮೆಲ್ಲರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ನಮಗೆ ಅದು ಬಾಚಣಿಗೆಯಲ್ಲಿ ಸಿಗುತ್ತದೆ. ಲಾಕ್ಸ್‌ನಲ್ಲಿ ಉದುರಿದ್ದು ಹೊರಗೆ ಬೀಳುವುದಿಲ್ಲ. ಸುರುಳಿ ಸುರುಳಿಯಾದ್ದರಿಂದ ಪಕ್ಕದ ಕೂದಲಿಗೆ ಕೊಕ್ಕೆ ಹಾಕಿಕೊಂಡು ಒಳಗೇ ಉಳಿಯುತ್ತದೆ. ತಿಂಗಳು ಕಳೆದಂತೆ ಒಳಗೆ ಒಂದು ಸಣ್ಣ ಗಂಟು ಕಟ್ಟುತ್ತದೆ. ಕೈಯಲ್ಲಿ ಒತ್ತಿದರೆ ಹೆಸರುಕಾಳಿನ ಹಾಗೆ ಸಿಗುತ್ತದೆ. ಆ ಗಂಟು ಮೇಲಕ್ಕೂ ಕೆಳಕ್ಕೂ ಹರಡಿ ಇಡೀ ಹುರಿ ಗಟ್ಟಿಯಾಗುತ್ತದೆ. ಕಂಬಳಿ ತೊಳೆದಂತೆಲ್ಲ ಒತ್ತಾಗುತ್ತದಲ್ಲ, ಆ ಥರ.

ಅಂದರೆ ಹುರಿ ಕಟ್ಟುವುದು ಕೂದಲಿನದೇ ಕೆಲಸ. ನಮ್ಮ ಕೈಗೆ ಉಳಿಯುವುದು ಮೂರೇ ಕೆಲಸ. ತಲೆಯ ಚರ್ಮ ಶುದ್ಧವಾಗಿಡಬೇಕು. ಹೊಸದಾಗಿ ಬೆಳೆದ ಬುಡವನ್ನು ಅದರ ಹುರಿಗೆ ಸೇರಿಸಬೇಕು. ಒಳಗೆಲ್ಲ ಒಣಗಿದೆಯೇ ನೋಡಬೇಕು. ಇಷ್ಟು ವರ್ಷಗಳಲ್ಲಿ ನಾನು ಕಂಡ ಹಾಳಾದ ಲಾಕ್ಸ್‌ಗಳಲ್ಲಿ ಹೆಚ್ಚಿನವು ಆರೈಕೆ ಇಲ್ಲದೆ ಹಾಳಾದವಲ್ಲ. ಪದೇ ಪದೇ ತಿರುಚಿ, ಬಿಗಿದು, ಮೆತ್ತಿ ಹಾಳಾದವು.

ಕೈ ಹಾಕುವ ಮೊದಲು ನೋಡಿ, ಕೇಳಿ

ಮುಟ್ಟಬಹುದಾ ಎಂದು ಮೊದಲು ಕೇಳಿ. ಈ ಕೂದಲನ್ನು ಬಸ್ಸಿನಲ್ಲಿ, ಆಫೀಸಿನಲ್ಲಿ ಕೇಳದೇ ಮುಟ್ಟುವವರು ಜಾಸ್ತಿ. ಕುರ್ಚಿಯಲ್ಲಾದರೂ ಆ ಕಿರಿಕಿರಿ ಬೇಡ.

ಆಮೇಲೆ ಮೂರು ಪ್ರಶ್ನೆ. ಕೊನೆಯ ಸಲ ತೊಳೆದದ್ದು ಯಾವಾಗ? ಬುಡ ಸೇರಿಸುವುದು ಹೊಸೆದೋ, ಇಂಟರ್‌ಲಾಕ್ ಮಾಡಿ, ಅಂದರೆ ಕೊಕ್ಕೆಯಿಂದ ತೂರಿಸಿಯೋ? ಯಾವುದಾದರೂ ಎಣ್ಣೆ, ಜೆಲ್ ಆಗಿಬರುವುದಿಲ್ಲವೇ? ಉತ್ತರ ಬರೆದುಕೊಳ್ಳಿ. ಹುರಿಗಳನ್ನು ಎಣಿಸಿ ಅದನ್ನೂ ಬರೆಯಿರಿ. ಸಾಮಾನ್ಯ ಗಾತ್ರದ ಲಾಕ್ಸ್ ಇದ್ದರೆ 70ರಿಂದ 120ರ ಒಳಗೆ ಬರುತ್ತದೆ. ಮುಂದಿನ ಸಲ ಲೆಕ್ಕ ಕಡಿಮೆ ಬಂದರೆ ಎರಡು ಹುರಿಗಳ ಬುಡ ಒಂದಾಗಿಬಿಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಒಳ್ಳೆಯ ಬೆಳಕಿನಲ್ಲಿ ಬೈತಲೆಗಳನ್ನು ಒಂದೊಂದಾಗಿ ನೋಡಿ. ಹಣೆಯಂಚಿನಲ್ಲಿ, ಕಿವಿಯ ಮುಂದೆ ಸಣ್ಣ ಕೆಂಪು ಗುಳ್ಳೆಗಳಿದ್ದರೆ, ಅಲ್ಲಿನ ಕೂದಲು ತೆಳ್ಳಗಾಗಿದ್ದರೆ ಹಿಂದಿನವರು ಬಿಗಿದಿದ್ದಾರೆ ಎಂದರ್ಥ. ಎಳೆತದಿಂದ ಉದುರುವ ಕೂದಲು, ಮೊದಲಲ್ಲೇ ಎಳೆಯುವುದನ್ನು ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಆ ಜಾಗದ ಬೇರು ಸತ್ತು ಕಲೆಯಾಗುತ್ತದೆ. ಮತ್ತೆ ಬರುವುದಿಲ್ಲ. ಅಂಥ ತಲೆ ಬಂದರೆ ಆ ಸಾಲನ್ನು ತೊಳೆದು ಹಾಗೇ ಬಿಡಿ. ಗಿರಾಕಿ ಒತ್ತಾಯ ಮಾಡಿದರೂ ಹೊಸೆಯಬೇಡಿ.

ಹೊಟ್ಟು ಇದ್ದರೆ ಯಾವ ಥರದ್ದು ಎಂದು ನೋಡಿ. ಬಿಳಿ, ಒಣ ಪುಡಿ ಆದರೆ ಒಣ ಚರ್ಮ ಇರಬಹುದು, ಇಲ್ಲವೇ ಜೆಲ್ಲಿನ ಪುಡಿ. ಹಳದಿ, ಜಿಡ್ಡು ಜಿಡ್ಡಾಗಿ ಅಂಟಿಕೊಂಡಿದ್ದು, ತುರಿಕೆ, ಕೆಂಪು ಇದ್ದರೆ ಕೀಟೊಕೊನಜೋಲ್ ಎಂಬ ಶಿಲೀಂಧ್ರ ಕೊಲ್ಲುವ ಔಷಧ ಇರುವ ಶಾಂಪೂ ಬೇಕಾಗುತ್ತದೆ. ಅದನ್ನು ಡಾಕ್ಟರನ್ನು ಕೇಳಿ ತರಲು ಹೇಳಿ. ದುಂಡನೆಯ ಬೋಳು ಜಾಗ, ಅದರಲ್ಲಿ ಮುರಿದ ಕೂದಲಿನ ಕಪ್ಪು ಚುಕ್ಕೆ ಕಂಡರೆ ಹುಳುಕಡ್ಡಿ ಇರಬಹುದು. ಮಕ್ಕಳಲ್ಲಿ ಜಾಸ್ತಿ. ಅದು ಅಂಟುವ ರೋಗ. ಅವತ್ತು ಕೆಲಸ ಬೇಡ, ಚರ್ಮದ ಡಾಕ್ಟರ ಹತ್ತಿರ ಕಳಿಸಿ. ಕ್ಲಿಪ್ಪು, ಟವೆಲ್ಲು ಎಲ್ಲ ಬೇರೆ ತೆಗೆದು ಸೋಂಕು ಹೋಗುವಂತೆ ತೊಳೆಯಿರಿ.

ತೊಳೆಯುವುದು

ಲಾಕ್ಸ್ ತೊಳೆಯಬಾರದು, ತೊಳೆದರೆ ಕಟ್ಟುವುದಿಲ್ಲ ಎಂಬ ಮಾತನ್ನು ನಾನು ಎರಡೂ ದೇಶಗಳಲ್ಲಿ ಕೇಳಿದ್ದೇನೆ. ಅದು ತಪ್ಪು. ಜಿಡ್ಡು ಇದ್ದರೆ ಕೂದಲು ಜಾರುತ್ತದೆ. ಶುದ್ಧ ಕೂದಲೇ ಬೇಗ ಕಟ್ಟಿಕೊಳ್ಳುವುದು. ಹಳೆಯ ಲಾಕ್ಸ್ ಆದರೆ ಎರಡು ವಾರಕ್ಕೊಮ್ಮೆ ತೊಳೆಯಿರಿ. ಬೆವರುವ ಕೆಲಸ, ಆಟ, ಜಿಮ್ ಇದ್ದರೆ ವಾರಕ್ಕೊಮ್ಮೆ.

ಶಾಂಪೂ ನೀರಿನಂತೆ ತಿಳಿಯಾಗಿ, ಸುಲಭವಾಗಿ ತೊಳೆದುಹೋಗುವಂಥದ್ದು ಇರಲಿ. ಮುತ್ತಿನ ಹೊಳಪಿನ, ಕೆನೆಯಂಥ ಶಾಂಪೂ ಬೇಡ. ಮೂತಿ ಇರುವ ಬಾಟಲಿಯಲ್ಲಿ ಒಂದು ಪಾಲು ಶಾಂಪೂಗೆ ಮೂರು ಪಾಲು ನೀರು ಬೆರೆಸಿ. ಬೈತಲೆಯ ಮೇಲೆ ಗೆರೆ ಎಳೆದಂತೆ ಹಾಕಿ. ಬೆರಳ ತುದಿಯ ಮೆತ್ತನೆ ಭಾಗದಿಂದ ಉಜ್ಜಿ, ಉಗುರು ತಾಗಿಸಬೇಡಿ. ಹುರಿಗಳನ್ನು ಉಜ್ಜಬಾರದು. ನೊರೆ ಕೆಳಗಿಳಿಯುವಾಗ ಮುಷ್ಟಿಯಲ್ಲಿ ಹಿಡಿದು ಹಿಂಡಿ, ಬಿಡಿ, ಮತ್ತೆ ಹಿಂಡಿ. ಸ್ಪಂಜು ಹಿಂಡಿದಂತೆ. ಒಳಗಿನ ಕೊಳೆ ಹಾಗೇ ಹೊರಬರಬೇಕು. ಶಾಂಪೂ ಹಾಕಲು ಹಿಡಿದ ಹೊತ್ತಿನ ಎರಡರಷ್ಟು ಹೊತ್ತು ಬರೀ ನೀರಿನಲ್ಲಿ ತೊಳೆಯಿರಿ. ಬಿಳಿ ಬೇಸಿನ್ನಿನಲ್ಲಿ ಹಿಂಡಿ ನೋಡಿ. ನೀರು ತಿಳಿಯಾಗಿ ಬಂದರೆ ಮುಗಿಯಿತು. ಆ ಆರು ತಿಂಗಳು ನಾನು ಕಲಿತದ್ದು ಇಷ್ಟೇ. ಈಗ ಅನಿಸುತ್ತದೆ, ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ.

ಹೊಸ ಲಾಕ್ಸ್ ಆದರೆ ಮೊದಲ ಮೂರು ನಾಲ್ಕು ವಾರ ತೊಳೆಯದೆ ಬಿಡಿ. ಆಮೇಲೆ ನಾಲ್ಕೈದು ಹುರಿಗಳನ್ನು ಒಟ್ಟಿಗೆ ಸಡಿಲವಾಗಿ ಹೆಣೆದು, ತುದಿಗೆ ಬಟ್ಟೆ ಸುತ್ತಿದ ರಬ್ಬರ್ ಹಾಕಿ. ತಲೆಗೆ ತೆಳ್ಳನೆಯ ನೆಟ್ ಕಟ್ಟಿ ಅದರ ಮೇಲಿಂದಲೇ ತೊಳೆಯಿರಿ. ಇಲ್ಲದಿದ್ದರೆ ಅರ್ಧ ಬಿಚ್ಚಿಕೊಳ್ಳುತ್ತದೆ. ಮೊದಲ ವರ್ಷ ಕಂಡೀಷನರ್ ಬೇಡ.

ನಮ್ಮ ಕಡೆಯವರು ತಪ್ಪದೆ ಕೇಳುವ ಪ್ರಶ್ನೆ: ಸೀಗೆಕಾಯಿ ಹಾಕಬಹುದಾ? ಪುಡಿಯನ್ನು ಹಾಕಬೇಡಿ. ಪುಡಿ ಹುರಿಯೊಳಗೆ ಕೂತರೆ ತೆಗೆಯುವುದು ಬಹಳ ಕಷ್ಟ. ಅಂಟುವಾಳವನ್ನು ನೆನೆಸಿ, ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ ನೀರಾದರೆ ಆದೀತು. ಮೆಹಂದಿ, ಮೆಂತ್ಯದ ಹಿಟ್ಟು, ಕಡಲೆಹಿಟ್ಟು ಯಾವುದೂ ಬೇಡ.

ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಅದರ ಉಪ್ಪಿನಂಶ ಹುರಿಯಲ್ಲಿ ಕೂತು ಕೂದಲು ಮಂಕಾಗಿ, ಒರಟಾಗಿ ಕಾಣುತ್ತದೆ. ಕೊನೆಯ ಸಲ ಸುರಿಯುವ ನೀರು ಫಿಲ್ಟರ್ ನೀರಾದರೆ ಒಳ್ಳೆಯದು. ಮೂರು ನಾಲ್ಕು ತಿಂಗಳಿಗೊಮ್ಮೆ ಸೇಬಿನ ವಿನೆಗರ್ ಬಳಸಬಹುದು. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಸಾಕು. ಐದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ತಲೆಯಲ್ಲಿ ಗಾಯ, ಗೀರು ಇದ್ದರೆ ಬೇಡ, ಉರಿಯುತ್ತದೆ. ಅಡುಗೆ ಸೋಡಾವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ತಲೆಯ ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5.5. ಸೋಡಾದ್ದು 8ಕ್ಕೂ ಮೇಲೆ. ಬುಡದ ಎಳೆ ಕೂದಲು ಅದಕ್ಕೆ ಒಣಗಿ ಮುರಿಯುತ್ತದೆ.

ಬುಡ ಹೊಸೆಯುವುದು

ಇದೇ ರೀಟ್ವಿಸ್ಟ್. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ನಾಲ್ಕು ವಾರಕ್ಕಿಂತ ಮೊದಲು ಹೊಸೆಯಲು ಅಲ್ಲಿ ಏನೂ ಇರುವುದಿಲ್ಲ. ನಾನು ಆರು ವಾರ ಅನ್ನುತ್ತೇನೆ. ಎಂಟು ವಾರ ಆದರೂ ತೊಂದರೆ ಇಲ್ಲ. ಮದುವೆ, ಫೋಟೊ ಎಂದು ಎರಡು ವಾರಕ್ಕೇ ಬರುವವರನ್ನು ತೊಳೆದು, ಅಲಂಕಾರ ಮಾಡಿ ಕಳಿಸುತ್ತೇನೆ. ಬುಡಕ್ಕೆ ಕೈ ಹಾಕುವುದಿಲ್ಲ. ಗಿರಾಕಿಗಳು ಕೆಲವರು ಇದಕ್ಕೇ ಬೇರೆ ಕಡೆ ಹೋದದ್ದೂ ಉಂಟು. ಹೋಗಲಿ.

ಬೇಕಾದ ಸಾಮಾನು ಕಡಿಮೆ. ಉದ್ದ ಬಾಲದ ಬಾಚಣಿಗೆ ಬೇಕು, ಅದೂ ಬಾಲದ ಸಲುವಾಗಿ. ಸಣ್ಣ ಲೋಹದ ಕ್ಲಿಪ್ಪುಗಳು, ಹುರಿಗೊಂದರಂತೆ. ನೀರಿನ ಸ್ಪ್ರೇ ಬಾಟಲಿ. ಲೋಳೆಸರದ ತೆಳು ಜೆಲ್, ಇಲ್ಲವೇ ಮನೆಯಲ್ಲೇ ಕುದಿಸಿದ ಅಗಸೆಬೀಜದ ಜೆಲ್. ಎರಡು ಕಪ್ ನೀರಿಗೆ ಕಾಲು ಕಪ್ ಅಗಸೆಬೀಜ ಹಾಕಿ ಕುದಿಸಿ, ಮೊಟ್ಟೆಯ ಬಿಳಿಯಷ್ಟು ಮಂದ ಆದ ಕೂಡಲೇ ಬಿಸಿಯಾಗಿರುವಾಗಲೇ ಸೋಸಿ. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಜೇನುಮೇಣ, ವ್ಯಾಸಲೀನ್ ಹತ್ತಿರ ತರಬೇಡಿ. ಮೇಣ ಹುರಿಯ ಒಳಗೆ ಸೇರಿದರೆ ಧೂಳನ್ನೆಲ್ಲ ಹಿಡಿದಿಡುತ್ತದೆ. ಬಿಸಿನೀರು, ಶಾಂಪೂ ಯಾವುದಕ್ಕೂ ಪೂರ್ತಿ ಬರುವುದಿಲ್ಲ.

ಕತ್ತಿನ ಹಿಂದಿನ ಸಾಲಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ತೊಳೆದ ತಲೆ ಸ್ವಲ್ಪ ಒದ್ದೆ ಇರಲಿ. ಬಾಚಣಿಗೆಯ ಬಾಲದಿಂದ ಹುರಿಯ ಸುತ್ತಲಿನ ಚೌಕ ಬಿಡಿಸಿಕೊಳ್ಳಿ. ಪಕ್ಕದ ಹುರಿಗೆ ಹೋದ ಕೂದಲನ್ನು ಮೆಲ್ಲಗೆ ಎಳೆದು ಬೇರ್ಪಡಿಸಿ. ಬೆರಳಿಗೆ ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಂಡರೆ ಎರಡು ಬುಡಗಳಿಗೆ ಬರಬೇಕು. ಸುತ್ತಲಿನ ಬಿಡಿ ಕೂದಲನ್ನು ಒಟ್ಟು ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೇ ದಿಕ್ಕಿಗೆ ಹೊಸೆಯಿರಿ. ಗಡಿಯಾರದ ಮುಳ್ಳಿನ ದಿಕ್ಕು ಎಂದಿಟ್ಟುಕೊಂಡರೆ ಯಾವಾಗಲೂ ಅದೇ ದಿಕ್ಕು. ಇವತ್ತು ಬಲಕ್ಕೆ, ಮುಂದಿನ ತಿಂಗಳು ಎಡಕ್ಕೆ ಎಂದಾದರೆ ಕಟ್ಟಿದ್ದು ಬಿಚ್ಚುತ್ತದೆ. ಅದಕ್ಕೇ ದಿಕ್ಕನ್ನೂ ಆ ಗಿರಾಕಿಯ ಪುಟದಲ್ಲಿ ಬರೆದಿಡಿ.

ಆಮೇಲೆ ಹುರಿಯ ಉದ್ದಕ್ಕೂ ಎರಡೂ ಅಂಗೈಗಳ ನಡುವೆ ಉರುಳಿಸಿ. ದೇವರ ದೀಪಕ್ಕೆ ಬತ್ತಿ ಹೊಸೆದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಾನು ಮೊದಲ ದಿನ ಹಾಗೆ ಉರುಳಿಸಿದಾಗ ನನ್ನ ಗುರು ಕೈ ನಿಲ್ಲಿಸಿ ನೋಡಿದರು. ಎಲ್ಲಿ ಕಲಿತೆ ಎಂದು ಕೇಳಿದರು. ಅಜ್ಜಿಯ ಹತ್ತಿರ, ಹತ್ತಿಯಲ್ಲಿ ಅಂದೆ. ಬುಡದ ಹತ್ತಿರ ಕ್ಲಿಪ್ ಹಾಕಿ ಮುಂದಿನದಕ್ಕೆ ಹೋಗಿ. 90 ಹುರಿಗಳಿಗೆ ನನಗೆ ಈಗ ಎರಡೂವರೆ ಗಂಟೆ ಬೇಕು. ಹೊಸಬರಿಗೆ ನಾಲ್ಕು ಗಂಟೆ ಬೇಕಾದೀತು. ಅವಸರ ಮಾಡಬೇಡಿ.

ಎಷ್ಟು ಬಿಗಿ ಇರಬೇಕು? ಹುರಿಯನ್ನು ಬಿಟ್ಟಾಗ ಅದರ ಬುಡದ ಚರ್ಮ ಡೇರೆಯ ಹಾಗೆ ಮೇಲೆದ್ದು ನಿಂತರೆ ಬಿಗಿ ಜಾಸ್ತಿ. ಗಿರಾಕಿಗೆ ಹುಬ್ಬು ಏರಿಸಲು ಹೇಳಿ. ಹಣೆಯಂಚು ಜಗ್ಗಿದರೆ ಬಿಗಿ ಜಾಸ್ತಿ. ರಾತ್ರಿ ಮಲಗಲು ನೋವು ಮಾತ್ರೆ ಬೇಕಾದರೆ ಅದು ಕೆಟ್ಟ ಕೆಲಸ. ನೋವಾದರೆ ಚೆನ್ನಾಗಿ ಹಿಡಿದಿದೆ ಎಂದು ನಂಬಿರುವ ಗಿರಾಕಿಗಳು ತುಂಬಾ. ಅವರಿಗೆ ಕೂತು ತಿಳಿಸಿ ಹೇಳಿ. ಹಣೆಯಂಚಿನ ಮರಿಗೂದಲನ್ನಂತೂ ಹುರಿಗೆ ಎಳೆದು ಸೇರಿಸಲೇಬೇಡಿ. ಅದು ಹಾಗೇ ಹಾರಾಡಲಿ, ಚೆಂದ ಕಾಣುತ್ತದೆ.

ಇಂಟರ್‌ಲಾಕ್ ಮತ್ತು ಕ್ರೋಶಾ

ಕೆಲವರ ಬುಡ ಹೊಸೆದರೆ ಎರಡೇ ದಿನಕ್ಕೆ ಬಿಚ್ಚುತ್ತದೆ. ಈಜುವವರು, ಬೆವರುವವರು, ಮೆತ್ತನೆ ಕೂದಲಿನವರು. ಅವರಿಗೆ ಇಂಟರ್‌ಲಾಕ್. ಕೊಕ್ಕೆಯಂಥ ಒಂದು ಸಾಧನದಿಂದ ಹುರಿಯ ತುದಿಯನ್ನು ಅದರದೇ ಬುಡದ ನಡುವಿನಿಂದ ತೂರಿಸಿ ಎಳೆಯುವುದು. ಬಹಳ ತೆಳ್ಳನೆಯ, ನಾನೂರಕ್ಕೂ ಹೆಚ್ಚು ಹುರಿಗಳಿರುವ ಸಿಸ್ಟರ್‌ಲಾಕ್ಸ್ ಪದ್ಧತಿಯೂ ಹೀಗೆಯೇ ನಡೆಯುತ್ತದೆ. ಅದನ್ನು 1993ರಲ್ಲಿ ಸ್ಯಾನ್ ಡಿಯೆಗೊದ ಜೊಆನ್ ಕಾರ್ನ್‌ವೆಲ್ ರೂಪಿಸಿದರು. ಅದಕ್ಕೆ ಬೇರೆಯೇ ತರಬೇತಿ ಇದೆ. ಆ ತಲೆ ನಿಮ್ಮ ಹತ್ತಿರ ಬಂದರೆ, ತರಬೇತಿ ಪಡೆದವರ ಹತ್ತಿರವೇ ಕಳಿಸಿ.

ಸಾಮಾನ್ಯ ಹುರಿಗೆ ನಾಲ್ಕು ದಿಕ್ಕಿನ ಕ್ರಮ ಸುಲಭ. ಬುಡವನ್ನು ಗಡಿಯಾರ ಎಂದುಕೊಳ್ಳಿ. ಮೊದಲು 12ರ ಕಡೆಯಿಂದ, ಆಮೇಲೆ 9, 6, 3. ಒಂದೇ ಕಡೆಯಿಂದ ಮತ್ತೆ ಮತ್ತೆ ತೂರಿಸಿದರೆ ಬುಡ ಎರಡಾಗಿ ಸೀಳಿ ನಡುವೆ ತೂತು ಬೀಳುತ್ತದೆ. ಚರ್ಮದವರೆಗೂ ಹೋಗಬೇಡಿ. ಅಕ್ಕಿಕಾಳಿನಷ್ಟಾದರೂ ಜಾಗ ಬಿಡಿ. ಇಂಟರ್‌ಲಾಕ್ ಮಾಡಿದ ಬುಡ ತಾನಾಗಿ ಸಡಿಲವಾಗುವುದಿಲ್ಲ. ಇವತ್ತು ಬಿಗಿದರೆ ಎರಡು ತಿಂಗಳು ಬಿಗಿ.

ಕ್ರೋಶಾ ಕಡ್ಡಿ ರಿಪೇರಿಗೆ ಮಾತ್ರ. 0.5 ಅಥವಾ 0.75 ಮಿಲಿಮೀಟರಿನದು. ಹೊರಗೆ ಚೆಲ್ಲಿದ ಕೂದಲನ್ನು ಒಳಗೆ ಎಳೆದುಕೊಳ್ಳಲು, ತುಂಡಾದ ಹುರಿಯನ್ನು ಮತ್ತೆ ಜೋಡಿಸಲು ಇದು ಬೇಕು. ಆದರೆ ಕೊಕ್ಕೆ ಒಳಗೆ ಹೋಗಿ ಬಂದಾಗಲೆಲ್ಲ ಒಂದೆರಡು ಕೂದಲು ಮುರಿಯುತ್ತದೆ. ತಿಂಗಳು ತಿಂಗಳು ಇಡೀ ತಲೆಗೆ ಕ್ರೋಶಾ ಮಾಡಿಸಿಕೊಂಡವರ ಹುರಿ ಕಡ್ಡಿಯಂತೆ ಪೆಡಸಾಗಿ, ಆಮೇಲೆ ನಡುವೆಯೇ ಮುರಿದದ್ದನ್ನು ನೋಡಿದ್ದೇನೆ. ಬುಡ ತೆಳ್ಳಗಾಗಿ ನೂಲಿನ ಮೇಲೆ ನಿಂತ ಹುರಿ ಕಂಡರೆ ಪಕ್ಕದ ಗಟ್ಟಿ ಹುರಿಯೊಂದಿಗೆ ಬುಡ ಸೇರಿಸಿ ಎರಡನ್ನೂ ಒಂದು ಮಾಡಿ. ಗಿರಾಕಿಯನ್ನು ಕೇಳಿಯೇ ಮಾಡಿ.

ಒಣಗಿಸುವುದು

ಇದರಲ್ಲಿ ಸೋಮಾರಿತನ ಮಾಡಬೇಡಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಒಂದು ಹೆಂಗಸು ಸೊಂಟದವರೆಗಿನ ಲಾಕ್ಸ್ ರಾತ್ರಿ ತೊಳೆದು, ಒದ್ದೆಯಲ್ಲೇ ತುರುಬು ಕಟ್ಟಿ ಮಲಗುತ್ತಿದ್ದರು. ತಿಂಗಳುಗಟ್ಟಲೆ ಹಾಗೇ ನಡೆದಿತ್ತು. ನನ್ನ ಹತ್ತಿರ ಬಂದಾಗ ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ. ಒಂದು ಹುರಿ ಬಿಡಿಸಿ ನೋಡಿದರೆ ಒಳಗೆ ಬೂದು ಬಣ್ಣದ ಬೂಷ್ಟು. ಎರಡು ಸಲ ತೊಳೆದರೂ ಹೋಗಲಿಲ್ಲ. ಹನ್ನೊಂದು ಹುರಿ ಕತ್ತರಿಸಬೇಕಾಯಿತು. ಅವರು ಅತ್ತರು, ನನಗೂ ತಡೆಯಲಾಗಲಿಲ್ಲ.

ತೊಳೆಯುವುದನ್ನು ಬೆಳಿಗ್ಗೆ ಇಟ್ಟುಕೊಳ್ಳಿ. ದಾರ ಬಿಡದ ಮೈಕ್ರೊಫೈಬರ್ ಟವೆಲ್ಲಿನಲ್ಲಿ ಒಂದೊಂದು ಹಿಡಿಯಾಗಿ ಒತ್ತಿ ಹಿಂಡಿ. ಆಮೇಲೆ ಇಡೀ ತಲೆ ಮುಚ್ಚುವ ಹುಡ್ ಡ್ರೈಯರ್ ಕೆಳಗೆ ಸಾಧಾರಣ ಬಿಸಿಯಲ್ಲಿ ಕೂರಿಸಿ. ಸಣ್ಣ ಲಾಕ್ಸ್‌ಗೆ 45 ನಿಮಿಷ, ದಪ್ಪ, ಉದ್ದ ಇದ್ದರೆ ಒಂದೂವರೆ ಗಂಟೆ. ಪರೀಕ್ಷೆ ಹೀಗೆ: ದಪ್ಪನೆಯ ಹುರಿಯ ನಡುವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿ. ಕಾಗದ ತೇವವಾದರೆ ಇನ್ನೂ ಆಗಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಫ್ಯಾನ್ ಗಾಳಿಯನ್ನು ನಂಬಬೇಡಿ.

ಎಣ್ಣೆ ಮತ್ತು ರಾತ್ರಿ

ಈ ಕೂದಲು ಒಣ ಸ್ವಭಾವದ್ದು. ತಲೆಯ ಎಣ್ಣೆ ಸುರುಳಿ ದಾಟಿ ತುದಿಗೆ ಹೋಗುವುದಿಲ್ಲ. ಹಾಗಂತ ಎಣ್ಣೆ ಸುರಿಯಬಾರದು. ಒಣಗಿದ ಕೂದಲಿಗೆ ಬೇಕಾದದ್ದು ನೀರು. ಸ್ಪ್ರೇ ಬಾಟಲಿಯಲ್ಲಿ ನೀರು, ಸ್ವಲ್ಪ ಗುಲಾಬಿ ಜಲ ಹಾಕಿ ವಾರಕ್ಕೆ ಎರಡು ಮೂರು ಸಲ ತೆಳ್ಳಗೆ ಹೊಡೆಯಿರಿ. ಅದರ ಮೇಲೆ ಹೊಹೊಬಾ (ಬಾಟಲಿಯ ಮೇಲೆ jojoba) ಅಥವಾ ದ್ರಾಕ್ಷಿಬೀಜದ ಎಣ್ಣೆ ನಾಲ್ಕೈದು ಹನಿ ಅಂಗೈಗೆ ಸವರಿಕೊಂಡು ಹುರಿಗಳ ಮೇಲೆ ಕೈಯಾಡಿಸಿ. ಸಾಕು.

ಕೊಬ್ಬರಿ ಎಣ್ಣೆ ಬಗ್ಗೆ ನಾನೂ ಜಗಳ ಆಡಿದವಳೇ. ನಮ್ಮವ್ವ ಊರಿನಿಂದ ಡಬ್ಬಿ ಕಳಿಸುತ್ತಿದ್ದಳು. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮೇರಿಲ್ಯಾಂಡ್ ಚಳಿಯಲ್ಲಿ ಮಗಳ ಹುರಿಗಳ ಒಳಗೆ ಬಿಳಿ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಅದನ್ನು ತೊಳೆಯಲು ಎರಡು ಭಾನುವಾರ ಹಿಡಿಯಿತು. ಈಗ ಆ ಡಬ್ಬಿ ಒಗ್ಗರಣೆಗೆ.

ರಾತ್ರಿ ಸ್ಯಾಟಿನ್ ಟೋಪಿ ಅಥವಾ ಸ್ಯಾಟಿನ್ ದಿಂಬಿನ ಹೊದಿಕೆ ಬೇಕೇ ಬೇಕು. ಇದನ್ನು ಸುಮ್ನೆ ಹೇಳುತ್ತಿಲ್ಲ. ಹಳಿಯಾಳದಲ್ಲಿ ನನ್ನ ಪಕ್ಕ ಕೂತು ಓದಿದ ಸಿದ್ದಿ ಗೆಳತಿಯ ಅಮ್ಮ ನನ್ನ ಮಗಳಿಗೆಂದು ಒಂದು ಕೌದಿ ಹೊಲಿದು ಕಳಿಸಿದರು. ಹಳೆಯ ಸೀರೆಗಳದ್ದು, ಸುತ್ತಲೂ ಕೆಂಪು ಅಂಚು. ಮಗಳು ಅದನ್ನು ಮುಖದವರೆಗೂ ಎಳೆದುಕೊಂಡು ಮಲಗಿದಳು. ಒಂದು ತಿಂಗಳಲ್ಲಿ ಹುರಿಗಳ ತುಂಬಾ ಕೆಂಪು ನೂಲಿನ ಚೂರು. ಕೂದಲೊಳಗೆ ಸೇರಿದ ಹತ್ತಿಯ ಜುಂಗು ಮತ್ತೆ ಬರುವುದಿಲ್ಲ. ಚಿಮಟದಿಂದ ಒಂದೊಂದೇ ತೆಗೆದೆ. ಇನ್ನೂ ಎರಡು ಹುರಿಯಲ್ಲಿ ಸ್ವಲ್ಪ ಇದೆ. ಅದು ಇರಲಿ ಎಂದಿದ್ದಾಳೆ ಅವಳು.

ಆ ಗೆಳತಿಯ ಕೂದಲೂ ಇದೇ ಥರ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು, ಅಲ್ವಾ. ಶಾಲೆಯಲ್ಲಿ ದಿನಾ ಅವಳಿಗೆ ಎಣ್ಣೆ ಹಚ್ಚಿ ತಲೆ ಒತ್ತಿ ಬಾಚಿಕೊಂಡು ಬಾ ಅನ್ನುತ್ತಿದ್ದರು. ಎರಡು ಜಡೆ ಬಿಗಿಯಾಗಿ ಹಾಕಲೇಬೇಕು. ಅವಳು ಬಾವಿಕಟ್ಟೆಯ ಹತ್ತಿರ ಅಳುತ್ತಾ ನಿಲ್ಲುತ್ತಿದ್ದಳು, ನಾನು ರಿಬ್ಬನ್ ಹಿಡಿದುಕೊಂಡಿರುತ್ತಿದ್ದೆ. ಆ ಕೂದಲಿಗೆ ಏನು ಬೇಕು ಎಂದು ಅವಳ ಅಮ್ಮನಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ. ಅಮೆರಿಕದಲ್ಲೂ ಇದೇ ಕಥೆ. ಅಲಬಾಮಾದಲ್ಲಿ 2010ರಲ್ಲಿ ಚಾಸ್ಟಿಟಿ ಜೋನ್ಸ್ ಎಂಬಾಕೆಗೆ ಲಾಕ್ಸ್ ಕತ್ತರಿಸಲು ಒಪ್ಪದ್ದಕ್ಕೆ ಸಿಕ್ಕ ಕೆಲಸ ತಪ್ಪಿತು. 2016ರಲ್ಲಿ ಮೇಲ್ಮನವಿ ಕೋರ್ಟು ಕೂಡ ಆಕೆಯ ಪರ ನಿಲ್ಲಲಿಲ್ಲ. ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದು ಎನ್ನುವ ಕ್ರೌನ್ ಕಾಯ್ದೆ ಮೊದಲು ಬಂದದ್ದು 2019ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಮೇರಿಲ್ಯಾಂಡಿಗೆ 2020ರಲ್ಲಿ ಬಂತು.

ಮೊದಲ ಒಂದೂವರೆ ವರ್ಷ

ಗಿರಾಕಿಗೆ ಮೊದಲೇ ಹೇಳಿಬಿಡಿ. ಮೊದಲ ಮೂರು ತಿಂಗಳು ಚೆಂದ ಕಾಣುತ್ತದೆ. ನಾಲ್ಕರಿಂದ ಹನ್ನೆರಡನೇ ತಿಂಗಳವರೆಗೆ ಕೂದಲು ಕೆದರುತ್ತದೆ, ಒಂದು ಹುರಿ ದಪ್ಪ, ಒಂದು ಸಣ್ಣ, ಕೆಲವು ಅಡ್ಡ ನಿಲ್ಲುತ್ತವೆ. ಒಳಗೆ ಗಂಟು ಕಟ್ಟುವ ಕಾಲ ಅದು. ಉದ್ದವೂ ಕಡಿಮೆಯಾದಂತೆ ಕಾಣುತ್ತದೆ. ಹೆಚ್ಚಿನವರು ಆಗಲೇ ಬೇಸತ್ತು ಬಂದು ಬಿಗಿಯಾಗಿ ತಿರುಚಿ ಅನ್ನುತ್ತಾರೆ. ಮಾಡಬೇಡಿ. ಹೊಸ ವಿನ್ಯಾಸದಲ್ಲಿ ಸಡಿಲವಾಗಿ ಹೆಣೆದು ಕಳಿಸಿ. ಹದಿನೆಂಟು ತಿಂಗಳ ಹೊತ್ತಿಗೆ ಹೆಚ್ಚಿನ ಹುರಿಗಳು ಗಟ್ಟಿಯಾಗಿರುತ್ತವೆ.

ಮಗಳಿಗೆ ಈ ಕೆದರಿದ ಕಾಲದಲ್ಲೇ ನಾವು ಊರಿಗೆ ಹೋಗಿದ್ದೆವು. ಓಣಿಯ ಅಜ್ಜಿಯೊಬ್ಬರು ಅವಳ ತಲೆ ನೋಡಿ ಕೈಮುಗಿದರು. "ಕೂಸಿಗೆ ಎಲ್ಲಮ್ಮನ ಜಡಿ ಬಂದಾವ. ಕತ್ತರಿ ಮುಟ್ಟಿಸಬ್ಯಾಡ್ರಿ" ಅಂದರು. ಸವದತ್ತಿ ಕಡೆ ಜಡೆಗಟ್ಟಿದ ಕೂದಲೆಂದರೆ ದೇವಿಯ ಕರೆ ಎಂದು ನಂಬಿ ಎಷ್ಟೋ ಹೆಣ್ಣುಮಕ್ಕಳನ್ನು ದೇವದಾಸಿ ಬಿಟ್ಟದ್ದು ನನಗೆ ಗೊತ್ತು. 1982ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂದಿದೆ. ನಾನು ಅಜ್ಜಿಯ ಪಕ್ಕ ಕೂತು, ಮಗಳ ಒಂದು ಹುರಿ ಅವರ ಕೈಗೆ ಕೊಟ್ಟೆ. ಇದು ನಾವೇ ತೊಳೆದು ಹೊಸೆದದ್ದು ಆಯಿ, ಅವಳಪ್ಪನ ಕಡೆಯವರ ಕೂದಲಿನ ಚೆಲುವು ಅಂದೆ. ಅವರು ಬೆರಳಲ್ಲಿ ಒತ್ತಿ ನೋಡಿ, "ಮೆತ್ತಗೈತಿ" ಅಂದರು.

ತೆಗೆಯುವುದು

ಒಂದು ದಿನ ಯಾರಾದರೂ ತೆಗೆಸಬೇಕು ಎಂದು ಬರುತ್ತಾರೆ. ಬಿಡಿಸಬಹುದು. ಕಂಡೀಷನರ್‌ನಲ್ಲಿ ನೆನೆಸಿ, ಲೋಹದ ಬಾಚಣಿಗೆಯ ಬಾಲದಿಂದ ತುದಿಯಿಂದ ಮೇಲಕ್ಕೆ. ಇಬ್ಬರು ಕೂತರೂ ಎರಡು ಮೂರು ದಿನದ ಕೆಲಸ. ವರ್ಷಗಟ್ಟಲೆ ಉದುರಿದ್ದೆಲ್ಲ ಒಮ್ಮೆಲೇ ಹೊರಬರುವುದರಿಂದ ರಾಶಿ ರಾಶಿ ಕೂದಲು ಬೀಳುತ್ತದೆ. ಗಾಬರಿ ಆಗಬೇಡಿ ಎಂದು ಮೊದಲೇ ಹೇಳಿ. ಹೆಚ್ಚಿನವರು ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿಕೊಳ್ಳುತ್ತಾರೆ.

ಕತ್ತರಿಸಿದರೆ ಕೆಳಗೆ ಬೀಳಲು ಬಿಡಬೇಡಿ. ಶುಭ್ರ ಟವೆಲ್ಲಿನ ಮೇಲೆ ಸಾಲಾಗಿ ಇಡಿ. ಮನೆಗೆ ಒಯ್ಯುತ್ತೀರಾ ಎಂದು ಕೇಳಿ. ಹದಿನಾಲ್ಕು ವರ್ಷದ ಲಾಕ್ಸ್ ತೆಗೆಸಿದ ಒಬ್ಬ ಟೀಚರ್ ನನ್ನ ಕುರ್ಚಿಯಲ್ಲಿ ಕೂತು 96 ಹುರಿಗಳನ್ನೂ ಎಣಿಸಿದರು. ಆಮೇಲೆ ಸ್ಯಾಟಿನ್ ದಿಂಬಿನ ಚೀಲದಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು.